ಉಳಿದದ್ದನ್ನು ತೂಗುವವಳು

ಥಂಡರ್ ಬೇಯಲ್ಲಿ ಜನವರಿಯ ಬೆಳಗು ಎಂಟಕ್ಕೂ ಕಪ್ಪು.
ಆ ಹೊತ್ತಿಗೆ ನನ್ನ ಕಿಂಡಿಗೆ ತಟ್ಟೆಗಳು ಬರತೊಡಗುತ್ತವೆ,
ಎಂಬತ್ತನಾಲ್ಕು, ಒಂದರ ಬೆನ್ನಿಗೆ ಒಂದು.
ತೊಳೆಯುವ ಮೊದಲು ತೂಗಬೇಕು. ಹೊಸ ನಿಯಮ.
ಉಳಿದ ಗಂಜಿ, ಉಳಿದ ಮೊಟ್ಟೆ ಬಕೆಟ್ಟಿಗೆ ಸುರಿದು
ಕಿಲೋ ಬರೆದು ಸಹಿ ಹಾಕಬೇಕು.
ಯಾರು ಬಿಟ್ಟರೆಂದು ಬರೆಯಲು ಆ ಹಾಳೆಯಲ್ಲಿ ಜಾಗವಿಲ್ಲ.

ನನಗೆ ಗೊತ್ತು, ಆದರೂ.
ಬಟಾಣಿಯನ್ನು ಅಂಚಿಗೆ ಸಾಲುಹಿಡಿದು ನಿಲ್ಲಿಸಿದ್ದರೆ
ಅದು ಓರೆಸ್ಟ್, ರೈಲ್ವೆಯಲ್ಲಿ ಬೋಗಿ ಎಣಿಸುತ್ತಿದ್ದವ.
ಕಾಗದದ ಕರವಸ್ತ್ರದಡಿ ಬಚ್ಚಿಟ್ಟ ಮಾಂಸ ಸೈಮಿಯದು;
ತಟ್ಟೆ ಬಿಟ್ಟರೆ ಬೈಯುತ್ತಾರೆಂಬ ಭಯ
ತೊಂಬತ್ತೊಂದರಲ್ಲೂ ಹೋಗಿಲ್ಲ.
ಮುಟ್ಟದೆಯೇ ಬಂದದ್ದು, ಚಮಚ ಕೂಡ ಒದ್ದೆಯಾಗದ್ದು
ಹನ್ನೆರಡನೇ ಕೋಣೆಯ ಊರ್ಹೊ.

ಮೊದಲು ಒಲೆಯ ಮುಂದೆ ಮೂವರಿದ್ದರು.
ಆಮೇಲೆ ಇಬ್ಬರು. ಆಮೇಲೆ ಜೊವೆಲಿನ್ ಒಬ್ಬಳೇ,
ಇಲೊಯಿಲೊದವಳು, ಹನ್ನೊಂದು ವರ್ಷ.
ಊರ್ಹೊ ವಾಕರ್ ಊರಿಕೊಂಡು ಬಾಗಿಲಲ್ಲಿ ನಿಂತು
ಅವಳಿಗೆ ಮೊಯಾಕ್ಕ ಕಲಿಸಿದ:
ಮೀನು, ಆಲೂಗಡ್ಡೆ, ಹಾಲಿನ ಸಾರು;
ಮೆಣಸು ಇಡಿಯಾಗಿಯೇ ಬೀಳಲಿ, ಪುಡಿ ಮಾಡಿದರೆ ಜಗಳ.
ಮೀನಿಗೆ ಹಾಲೇ ಎಂದು ಮೂಗು ಮುರಿಯುತ್ತಲೇ
ಅವಳು ಪ್ರತಿ ಶುಕ್ರವಾರ ಕುದಿಸಿದಳು.
ಬೀರುವಿನ ಒಳಬಾಗಿಲಿಗೆ ಅವಳ ಪಟ್ಟಿ ಅಂಟಿತ್ತು:
ಸೈಮಿಗೆ ತಟ್ಟೆ ಬಿಸಿ ಮಾಡು.
ಓರೆಸ್ಟನ ಬಟಾಣಿ ಬೇರೆ ಬಟ್ಟಲಿಗೆ.
ಊರ್ಹೊಗೆ ಉಪ್ಪು ಅವನ ಕಣ್ಣೆದುರೇ ಹಾಕು, ಇಲ್ಲದಿದ್ದರೆ ನಂಬುವುದಿಲ್ಲ.

ಆಸ್ಪತ್ರೆಯವರು ಗಂಟೆಗೆ ನಾಲ್ಕು ಡಾಲರ್ ಹೆಚ್ಚು ಕೊಟ್ಟರು.
ಹೋದಳು. ನಾನಾದರೂ ಹೋಗುತ್ತಿದ್ದೆ.
ತಪಾಸಣೆಯ ಹಿಂದಿನ ದಿನ ಬೀರು ಉಜ್ಜಿದರು;
ಪಟ್ಟಿ ಹೋಗಿ ಅಂಟಿನ ನಾಲ್ಕು ಮೂಲೆ ಉಳಿದವು.

ಈಗ ಊಟ ಲಾರಿಯಲ್ಲಿ ಬರುತ್ತದೆ, ಹಿಮಗಟ್ಟಿ, ಚೀಲದಲ್ಲಿ.
ಹಲ್ಲಿಲ್ಲದವರಿಗೆಂದು ಕ್ಯಾರೆಟ್ಟನ್ನು ಅರೆದು
ಮತ್ತೆ ಕ್ಯಾರೆಟ್ಟಿನ ಅಚ್ಚಿಗೇ ಸುರಿದು
ಕ್ಯಾರೆಟ್ಟಿನ ಹಾಗೆ ಮಲಗಿಸುತ್ತಾರೆ.
ಕೈ ಸಾಲದ ದಿನ ಅಚ್ಚೂ ಇಲ್ಲ,
ಐಸ್‌ಕ್ರೀಮಿನ ಸೌಟಿನಲ್ಲಿ ಮೂರು ಗುಡ್ಡೆ:
ಕಿತ್ತಳೆ, ಹಸಿರು, ಕಂದು.
ಬಡಿಸುವವರು ನಮ್ಮವರಾದರೆ
ಪಂಕ್ತಿಯ ಕೊನೆಗೆ ಕೂತರೇನು ಎನ್ನುವ ಮಾತಿದೆ.
ಇಲ್ಲಿ ಬಡಿಸುವವರೇ ವಾರಕ್ಕೊಬ್ಬರು,
ಏಜೆನ್ಸಿಯ ಹುಡುಗರು, ಪಾಪ,
ಹೆಸರು ಕಲಿಯುವಷ್ಟರಲ್ಲಿ ಬೇರೆ ಕಡೆಗೆ.

ಪೆಲ್ಕಿ, ನಮ್ಮ ಮ್ಯಾನೇಜರ್, ಕೆಟ್ಟವನಲ್ಲ.
ಒಬ್ಬರಿಗೆ ದಿನಕ್ಕೆ ಇಷ್ಟು ಎಂದು ಮೇಲಿನಿಂದ ಬಂದ ಅಂಕಿಯನ್ನು
ಹರಿದ ಕಂಬಳಿಯ ಹಾಗೆ ಎಳೆಯುತ್ತಾನೆ:
ತಲೆ ಮುಚ್ಚಿದರೆ ಕಾಲು ಹೊರಗೆ.

ಫೆಬ್ರವರಿಯ ಬಿರುಗಾಳಿಗೆ ಹೆದ್ದಾರಿ ಮುಚ್ಚಿತು.
ಲಾರಿ ಇಲ್ಲ. ಏಜೆನ್ಸಿಯ ಹುಡುಗನೂ ಇಲ್ಲ.
ನಿನಗೆ ನೀರು ಕುದಿಸಲು ಬರುತ್ತದಲ್ಲ, ಎಂದ ಪೆಲ್ಕಿ
ನನ್ನ ಒದ್ದೆ ಏಪ್ರನ್ ನೋಡುತ್ತ.

ಆಲೂಗಡ್ಡೆ ಇತ್ತು. ಹಾಲು ಇತ್ತು.
ಡಬ್ಬಿಯ ಸಾಲ್ಮನ್ ಹದಿನಾರು, ಅವಧಿಯ ಅಂಚಿನಲ್ಲಿ.
ಸಬ್ಬಸಿಗೆ ಇರಲಿಲ್ಲ. ಈರುಳ್ಳಿ ಹೆಚ್ಚುತ್ತ ಅತ್ತೆ,
ಅದು ಈರುಳ್ಳಿಯದೇ ಅಳು.
ಹೊರಗಿನವಳಾಗಿ ಏಳು ವರ್ಷ ಓದಿದ ತಟ್ಟೆಗಳನ್ನು
ಆ ದಿನ ಹಿಂದಿನಿಂದ ಮುಂದಕ್ಕೆ ಓದಿದೆ:
ಯಾರು ಏನು ಬಿಟ್ಟರೆಂದು ಬಲ್ಲವಳಿಗೆ
ಏನು ಬಡಿಸಬಾರದೆಂದಾದರೂ ಗೊತ್ತು.
ತಟ್ಟೆ ಬಿಸಿ ಮಾಡಿದೆ. ಬಟಾಣಿ ಬೇರೆ ಇಟ್ಟೆ.
ಹನ್ನೆರಡಕ್ಕೆ ನಾನೇ ಒಯ್ದು
ಅವನ ಕಣ್ಣೆದುರೇ ಉಪ್ಪು ಉದುರಿಸಿದೆ.

ಇದು ಮೊಯಾಕ್ಕ ಅಲ್ಲ, ಎಂದ ಊರ್ಹೊ.
ಅಲ್ಲ, ಎಂದೆ.
ಇನ್ನೂ ಸ್ವಲ್ಪ ಉಪ್ಪು, ಎಂದ.

ಇಬ್ಬರು ಉಗುಳಿದರು. ಒಬ್ಬಳು ಜೆಲ್ಲಿ ಎಲ್ಲಿ ಎಂದು ರಂಪ ಮಾಡಿದಳು.
ಸಂಜೆ ಬಕೆಟ್ಟು ತೂಗಿ ಬರೆದೆ, ಸಹಿ ಹಾಕಿದೆ.
ಪೆಲ್ಕಿ ಹಾಳೆ ನೋಡಿದ. ತಕ್ಕಡಿ ಕೆಟ್ಟಿದೆಯೇ, ಕೇಳಿದ.
ಒಂದು ಕಿಲೋ ಸಕ್ಕರೆಯ ಪೊಟ್ಟಣ ತಂದು
ಅದರ ಮೇಲಿಟ್ಟ.
ಒಂದು ಕಿಲೋ ತೋರಿಸಿತು.